ಸತ್ತ ಸ್ವರವನ್ನು ಮೊದಲು ಎಣಿಸಿ: ಹಳೆಯ ಹೊರುವ ಆರ್ಗನ್ನಿನ ರಿಪೇರಿ, ಶ್ರುತಿ

ಹುಬ್ಬಳ್ಳಿ-ಧಾರವಾಡದ ಕಡೆ ವಯರು ಇರುವ ಕೀಬೋರ್ಡು ಯಾವುದೇ ಇರಲಿ, ಅದು 'ಕ್ಯಾಸಿಯೋ'. ಗಾಳಿ ಹಾಕಿ ನುಡಿಸುವುದಾದರೆ 'ಪೇಟಿ'. ಇವೆರಡರ ನಡುವೆ ಇನ್ನೊಂದು ಜಾತಿ ಇದೆ: 1960ರ ದಶಕದಲ್ಲಿ ಬಂದ, ಕಾಲು ಕಳಚಿ ಹೊತ್ತೊಯ್ಯುವ ಟ್ರಾನ್ಸಿಸ್ಟರ್ ಆರ್ಗನ್. ಇಂಗ್ಲೆಂಡಿನ ವಾಕ್ಸ್ ಕಾಂಟಿನೆಂಟಲ್ 1962ರಲ್ಲಿ ಬಂತು. ಇಟಲಿಯ ಫಾರ್ಫಿಸಾ ಕಾಂಪ್ಯಾಕ್ಟ್ ಅದರ ಬೆನ್ನಿಗೇ ಬಂತು, ಜಪಾನಿನ ಯಮಾಹಾ ವೈಸಿ ಸರಣಿ ಆ ದಶಕದ ಕೊನೆಗೆ. ಫಾರ್ಫಿಸಾ ಎಂಬ ಹೆಸರು 'ಒಟ್ಟುಗೂಡಿದ ಅಕಾರ್ಡಿಯನ್ ಕಾರ್ಖಾನೆಗಳು' ಎಂಬ ಇಟಾಲಿಯನ್ ಮಾತಿನ ಸಂಕ್ಷೇಪ. ಅಂದರೆ ನಮ್ಮ ಪೇಟಿಯ ದಾಯಾದಿಗಳ ಮನೆಯಲ್ಲೇ ಹುಟ್ಟಿದ್ದು.

ಇಂಥದ್ದೊಂದು ಈ ಭಾಗದಲ್ಲಿ ಕೈಗೆ ಸಿಗುವುದು ಅಪರೂಪ. ಸಿಕ್ಕಾಗಲೂ ಅರ್ಧ ಕೀಗಳು ಮೂಕವಾಗಿರುತ್ತವೆ, ಉಳಿದರ್ಧ ಗೊಗ್ಗರು ದನಿಯಲ್ಲಿ ನುಡಿಯುತ್ತವೆ. ಮಾರುವವರು 'ಎಲ್ಲಾ ಸುಟ್ಟು ಹೋಗೇತ್ರಿ' ಅನ್ನುತ್ತಾರೆ, ಕೊಳ್ಳುವವರು ನಂಬುತ್ತಾರೆ. ಹೆಚ್ಚಿನ ಸಲ ಎಲ್ಲವೂ ಸುಟ್ಟಿರುವುದಿಲ್ಲ. ಈ ವಾದ್ಯದ ಒಳಗಿನ ಕಟ್ಟು ಎಷ್ಟು ಕ್ರಮಬದ್ಧವೆಂದರೆ, ಯಾವ ಕೀ ನುಡಿಯುತ್ತಿಲ್ಲ ಎಂದು ಬರೆದುಕೊಂಡರೆ ಸಾಕು, ಕೆಟ್ಟ ಭಾಗ ಎಲ್ಲಿದೆ ಎಂಬುದು ಮುಚ್ಚಳ ತೆಗೆಯುವ ಮೊದಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಅದಕ್ಕೂ ಮುಂಚೆ ಒಂದು ಮಾತು. 'ಇಟಲಿ ಆರ್ಗನ್' ಎಂದು ಬರುವ ಎಲ್ಲವೂ ಎಲೆಕ್ಟ್ರಾನಿಕ್ ಅಲ್ಲ. ಬೊಂಟೆಂಪಿ, ಮ್ಯಾಗ್ನಸ್ ಹೆಸರಿನ ಹಲವು ಪುಟ್ಟ ಆರ್ಗನ್ನುಗಳ ಒಳಗೆ ಇರುವುದು ಒಂದು ವಿದ್ಯುತ್ ಫ್ಯಾನು ಮತ್ತು ರೀಡುಗಳು. ಸ್ವಿಚ್ಚು ಹಾಕಿದ ಕೂಡಲೇ, ಕೀ ಒತ್ತದೆಯೂ, ಫ್ಯಾನು ಗರ್ರ್ ಎನ್ನುತ್ತದೆ. ಅದು ಭಾತೆಯ ಬದಲು ಮೋಟಾರು ಕೂರಿಸಿದ ಪೇಟಿ ಅಷ್ಟೇ. ಅದರ ವೈದ್ಯರು ಬೇರೆ.

ನಿಜವಾದ ಟ್ರಾನ್ಸಿಸ್ಟರ್ ಆರ್ಗನ್ನಿನಲ್ಲಿ ಹನ್ನೆರಡು ಆಸಿಲೇಟರ್‌ಗಳಿರುತ್ತವೆ, ಸಪ್ತಕದ ಒಂದೊಂದು ಸ್ವರಕ್ಕೆ ಒಂದೊಂದು. ಆಸಿಲೇಟರ್ ಹುಟ್ಟಿಸುವುದು ತಾರಕ್ಕಿಂತ ಮೇಲಿನ, ಅತಿ ಎತ್ತರದ ಸ್ವರವನ್ನು. ಅದರ ಕೆಳಗೆ ಸಾಲಾಗಿ ಡಿವೈಡರ್‌ಗಳು. ಪ್ರತಿಯೊಂದೂ ಮೇಲಿನಿಂದ ಬಂದ ಆವರ್ತನವನ್ನು ಸರಿ ಅರ್ಧ ಮಾಡಿ ಕೆಳಗಿನದಕ್ಕೆ ದಾಟಿಸುತ್ತದೆ. ಅರ್ಧವೆಂದರೆ ಒಂದು ಸಪ್ತಕ ಕೆಳಗೆ. ಆದ್ದರಿಂದ ಸಪ್ತಕಗಳು ತಮ್ಮೊಳಗೆ ಎಂದೂ ಬೇಸೂರಾಗುವುದಿಲ್ಲ. ಶ್ರುತಿ ತಪ್ಪಿದರೆ ಆ ಸ್ವರ ಎಲ್ಲ ಸಪ್ತಕಗಳಲ್ಲೂ ಒಟ್ಟಿಗೇ ತಪ್ಪುತ್ತದೆ.

ಒಂದು ಹಾಳೆಯಲ್ಲಿ ಹನ್ನೆರಡು ಮನೆ ಎಳೆಯಿರಿ. ಸ್ಟಾಪು ಎಂದರೆ ದನಿಯ ಬಗೆ ಆರಿಸುವ ಗುಂಡಿ; ಎಂಟು ಅಡಿಯದು ಕೀಯ ಸ್ವಂತ ಸ್ವರ, ನಾಲ್ಕು ಅಡಿಯದು ಒಂದು ಸಪ್ತಕ ಮೇಲೆ, ಹದಿನಾರು ಅಡಿಯದು ಒಂದು ಸಪ್ತಕ ಕೆಳಗೆ. ಎಂಟು ಅಡಿಯ ಒಂದೇ ಸ್ಟಾಪು ತೆರೆದು, ಉಳಿದವನ್ನು ಮುಚ್ಚಿ, ಎಡತುದಿಯಿಂದ ಒಂದೊಂದೇ ಕೀ ಒತ್ತಿ ಗುರುತು ಹಾಕುತ್ತ ಹೋಗಿ. ಆಮೇಲೆ ಉಳಿದ ಸ್ಟಾಪುಗಳು. ಇಪ್ಪತ್ತು ನಿಮಿಷದ ಕೆಲಸ. ಒಂದು ಸ್ವರ ಎಲ್ಲ ಸಪ್ತಕಗಳಲ್ಲೂ ಸತ್ತಿದ್ದರೆ ಅದರ ಆಸಿಲೇಟರ್ ನಿಂತಿದೆ, ಅಥವಾ ಆ ಸ್ವರದ ಕಾರ್ಡಿಗೆ (ಬಿಡಿಭಾಗಗಳನ್ನು ಬೆಸೆದ ಹಲಗೆಗೆ) ಹೋಗುವ ಕರೆಂಟು ಕಡಿದಿದೆ. ಮೇಲಿನ ಎರಡು ಸಪ್ತಕಗಳಲ್ಲಿ ನುಡಿದು ಅಲ್ಲಿಂದ ಕೆಳಗೆ ಮೌನವಾದರೆ ತಪ್ಪು ಆ ಗಡಿಯಲ್ಲಿರುವ ಡಿವೈಡರಿನದು. ಕೆಳಗಿನವು ಚೆನ್ನಾಗಿಯೇ ಇರಬಹುದು, ಮೇಲಿನಿಂದ ಏನೂ ಬಾರದೆ ಸುಮ್ಮನಿರುತ್ತವೆ. ಒಂದೇ ಒಂದು ಕೀ ಸತ್ತು ಅದೇ ಸ್ವರ ಬೇರೆ ಕೀಗಳಲ್ಲಿ ಬರುತ್ತಿದ್ದರೆ ಎಲೆಕ್ಟ್ರಾನಿಕ್ಸ್ ಮುಟ್ಟಬೇಡಿ, ಕೀಯ ಕೆಳಗಿನ ಕಾಂಟ್ಯಾಕ್ಟು ಕೊಳೆಯಾಗಿದೆ. ಒಂದು ಸ್ಟಾಪು ಇಡೀ ಕೀಬೋರ್ಡಿನಲ್ಲಿ ಇಲ್ಲವೆಂದರೆ ಆ ಸ್ಟಾಪಿನ ಸ್ವಿಚ್ಚು ಅಥವಾ ಕೀಗಳ ಕೆಳಗಿರುವ ಅದರ ಉದ್ದ ಸರಳಿನಿಂದ ಬರುವ ತಂತಿ ಕೆಟ್ಟಿದೆ. ಏನೂ ನುಡಿಯದಿದ್ದರೆ ಮೊದಲು ಪೆಡಲಿನ ಜ್ಯಾಕು ನೋಡಿ. ವಾಲ್ಯೂಮ್ ಪೆಡಲು ಕಳೆದುಹೋದ ವಾದ್ಯಗಳು ಎಷ್ಟೋ ಸಲ ಅಷ್ಟಕ್ಕೇ ಗುಜರಿ ಸೇರುತ್ತವೆ. ಫಾರ್ಫಿಸಾ ಕಾಂಪ್ಯಾಕ್ಟ್ ಡ್ಯುಯೊ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು: ಅದರ ಪವರ್ ಸಪ್ಲೈ ಮತ್ತು ಪ್ರೀಆಂಪ್ಲಿಫೈಯರ್ ಹೊರಗಿನ ಬೇರೆ ಡಬ್ಬಿಯಲ್ಲಿವೆ. ಆ ಡಬ್ಬಿ ಇಲ್ಲದ ಡ್ಯುಯೊ ಬರೀ ಮೇಜು.

ಮೊದಲ ಸಲ ಕರೆಂಟು ಕೊಡುವಾಗ ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಬಾರದು. 60 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ. ಎಲ್‌ಇಡಿ ನಡೆಯುವುದಿಲ್ಲ. ಬಲ್ಬು ಫಳ್ಳನೆ ಹೊತ್ತಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಟ್ರಾನ್ಸ್‌ಫಾರ್ಮರು, ಡಯೋಡು, ದೊಡ್ಡ ಕಂಡೆನ್ಸರು ಈ ಮೂರರಲ್ಲಿ ಹುಡುಕಿ. ಹಿಂಬದಿಯಲ್ಲಿ ವೋಲ್ಟೇಜ್ ಆಯ್ಕೆ ಇದ್ದರೆ 220 ಬಿಟ್ಟು 240ಕ್ಕೆ ಇಡಿ. ಅಮೆರಿಕದ ಮಾರುಕಟ್ಟೆಗೆ ಮಾಡಿದ 117 ವೋಲ್ಟಿನದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು ಬೇಕೇ ಬೇಕು. ಎರಡು ಪಿನ್ನಿನ ವಯರನ್ನು ಕಿತ್ತು ಮೂರು ಎಳೆಯ ವಯರು ಹಾಕಿ, ಹಸಿರು ಎಳೆಯನ್ನು ತಗಡಿನ ಚಾಸಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಮೇನ್ಸ್ ವಯರಿನಿಂದ ಚಾಸಿಗೆ ಒಂದು ಸಣ್ಣ ಕಂಡೆನ್ಸರು ಬೆಸೆದಿದ್ದರೆ ಕತ್ತರಿಸಿ ಬಿಸಾಡಿ. ಅದು ಹಾಳಾದ ದಿನ ಚಾಸಿಯ ಮೇಲೆಲ್ಲ 230 ವೋಲ್ಟು ನಿಲ್ಲುತ್ತದೆ, ಮೈಕು ಹಿಡಿದ ಹಾಡುಗಾರನಿಗೆ ಶಾಕು ಹೊಡೆಯುತ್ತದೆ.

ಜಾತ್ರೆಯ ಜನರೇಟರಿಗೆ ಹಾಕುವ ಮೊದಲು ಮೀಟರು ಹಿಡಿದು ನೋಡಿ. ಲೋಡು ಇಲ್ಲದಾಗ 260 ದಾಟುವುದುಂಟು. ಅದರ ಆವರ್ತನ ಏರಿಳಿದರೆ ಮಾತ್ರ ಈ ಆರ್ಗನ್ನುಗಳ ಶ್ರುತಿಗೆ ಏನೂ ಆಗದು. ಮೋಟಾರಿನಿಂದ ಚಕ್ರ ತಿರುಗಿಸಿ ಸ್ವರ ಹುಟ್ಟಿಸುವ ಹ್ಯಾಮಂಡ್ ಆರ್ಗನ್ನಿನ ಕಥೆ ಬೇರೆ. 60 ಹರ್ಟ್ಜ್‌ಗೆ ಮಾಡಿದ ಹ್ಯಾಮಂಡ್ ನಮ್ಮ 50 ಹರ್ಟ್ಜ್‌ನಲ್ಲಿ ಮೂರು ಅರ್ಧಸ್ವರಕ್ಕೂ ತುಸು ಹೆಚ್ಚೇ ಇಳಿದು ನುಡಿಯುತ್ತದೆ.

ಗುಂಯ್ ಎನ್ನುವ ಹಮ್ ಇದ್ದರೆ ಕಂಡೆನ್ಸರನ್ನು ಸುಮ್ಮನೆ ಬಯ್ಯಬೇಡಿ, ಹಮ್ಮಿನ ಸ್ವರ ಯಾವುದೆಂದು ಕೇಳಿ. 50 ಹರ್ಟ್ಜ್ ಅಂದರೆ ಬಿಳಿ ಐದರ (ಸಪ್ತಕದ ಐದನೇ ಬಿಳಿ ಕೀ, ಟ್ಯೂನರಿನಲ್ಲಿ G) ಮಂದ್ರ ಸ್ವರಕ್ಕಿಂತ 35 ಸೆಂಟ್ ಮೇಲೆ; ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಪಾಲು. 100 ಹರ್ಟ್ಜ್ ಅದರ ಮೇಲಿನ ಸಪ್ತಕದ ಬಿಳಿ ಐದಕ್ಕಿಂತ ಅಷ್ಟೇ ಮೇಲೆ. ಮೊಬೈಲಿನ ಟ್ಯೂನರ್ ಎರಡನ್ನೂ ಬಿಡಿಸಿ ತೋರಿಸುತ್ತದೆ. 50 ಇದ್ದರೆ ಅರ್ಥಿಂಗಿನ ಸುತ್ತು ಅಥವಾ ಕೆಟ್ಟ ಕೇಬಲ್. 100 ಇದ್ದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿನ ಮುಂದಿನ ದೊಡ್ಡ ಕಂಡೆನ್ಸರು ಒಣಗಿದೆ. ಹೊಸದು ಅದೇ ಮೈಕ್ರೊಫ್ಯಾರಡಿನದು ಇಲ್ಲವೇ ಒಂದೂವರೆ ಪಟ್ಟಿನೊಳಗಿನದು, ವೋಲ್ಟೇಜು ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದು ಇರಲಿ. ಇದು ಹುಬ್ಬಳ್ಳಿಯಲ್ಲೇ ಸಿಗುತ್ತದೆ. ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಮಾತ್ರ ಬೆಂಗಳೂರಿನ ಎಸ್.ಪಿ. ರೋಡೋ ಮುಂಬೈನ ಲ್ಯಾಮಿಂಗ್ಟನ್ ರೋಡೋ ನೋಡಬೇಕು. ಇಡೀ ವಾದ್ಯದ ಕಂಡೆನ್ಸರುಗಳನ್ನೆಲ್ಲ ಒಂದೇ ದಿನ ಬದಲಿಸುವ ಹುಮ್ಮಸ್ಸು ಬೇಡ. ಆಸಿಲೇಟರಿನ ಪಾಲಿಸ್ಟೈರೀನ್ ಕಂಡೆನ್ಸರುಗಳು ಈಗಲೂ ಗಟ್ಟಿಯಾಗಿರುತ್ತವೆ. ಬೆಸುಗೆಯ ಬಿಸಿಗೆ ಕರಗುತ್ತವೆ, ಅಷ್ಟೇ. ಪಕ್ಕದಲ್ಲಿ ಬೆಸೆಯಬೇಕಾದರೆ ಅವುಗಳ ಕಾಲನ್ನು ಚಿಮಟದಲ್ಲಿ ಹಿಡಿದು ಬಿಸಿ ಇಳಿಸಿ.

ಕಾಂಟ್ಯಾಕ್ಟಿನ ಕೆಲಸದಲ್ಲೇ ಹೆಚ್ಚು ವಾದ್ಯಗಳು ಕೆಡುವುದು. ಪ್ರತಿ ಕೀಯ ಕೆಳಗೆ ಕೂದಲಿನಷ್ಟು ತೆಳುವಾದ ಹಲವು ಸ್ಪ್ರಿಂಗ್ ತಂತಿಗಳು, ಒಂದೊಂದು ಸ್ಟಾಪಿಗೆ ಒಂದೊಂದು. ಕೀ ಒತ್ತಿದಾಗ ಅವು ಉದ್ದನೆಯ ಸರಳನ್ನು ಮುಟ್ಟುತ್ತವೆ. ಗದಗದ ಎರೆಮಣ್ಣಿನ ಧೂಳು, ಧಾರವಾಡದ ಜಿಟಿಜಿಟಿ ಮಳೆಯ ತೇವ ಎರಡೂ ಸೇರಿ ಅಲ್ಲಿ ಪದರು ಕಟ್ಟುತ್ತವೆ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದರೆ ಆ ದಿನ ಚೆನ್ನಾಗಿ ನುಡಿಯುತ್ತದೆ, ಮೇಲಿನ ಬೆಲೆಬಾಳುವ ಲೇಪ ಹೋಗಿ ಮುಂದಿನ ಮಳೆಗಾಲಕ್ಕೆ ಮೊದಲಿಗಿಂತ ಕೆಡುತ್ತದೆ. ಸೀಮೆಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಧೂಳು ಅಂಟಿಕೊಂಡು ಕೆಸರಾಗುತ್ತದೆ. ಬೇಕಾದದ್ದು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲು ಮತ್ತು ಬಿಳಿ ಬಾಂಡ್ ಕಾಗದ. ಕಾಗದವನ್ನು ಬೆರಳಗಲ ಕತ್ತರಿಸಿ, ತುದಿ ತೋಯಿಸಿ, ತಂತಿಗೂ ಸರಳಿಗೂ ನಡುವೆ ಇಟ್ಟು, ಕೀಯನ್ನು ಹಗುರಾಗಿ ಒತ್ತಿ ಹಿಡಿದು ಐದಾರು ಸಲ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುವುದು ನಿಂತರೆ ಮುಗಿಯಿತು. 61 ಕೀಗೆ ಎರಡು ದಿನ ಹಿಡಿಯಲಿ, ಪರವಾಗಿಲ್ಲ. ತಂತಿ ಬಾಗಿದ್ದರೆ ಚಿಮಟದಿಂದ ಬುಡದಲ್ಲಿ ತಿದ್ದಿ, ತುದಿಯಲ್ಲಿ ಅಲ್ಲ.

ಕೆಲವು ವಾದ್ಯಗಳಲ್ಲಿ ಕೀಗಳ ಅಡಿಯ ಸ್ಪಂಜು ಕರಗಿ ಬೆಲ್ಲದ ಪಾಕದಂತಾಗಿರುತ್ತದೆ. ಪೂರ್ತಿ ಕೆರೆದು ತೆಗೆದು, ಪೇಟಿ ಕೆಲಸಕ್ಕೆ ಬಳಸುವ ಉಣ್ಣೆಯ ಬನಾತನ್ನು ಅಷ್ಟೇ ದಪ್ಪಕ್ಕೆ ಕತ್ತರಿಸಿ ಅಂಟಿಸಿ. ದಪ್ಪ ಒಂದು ಮಿಲಿಮೀಟರು ಹೆಚ್ಚಾದರೂ ಕೀ ಪೂರ್ತಿ ಇಳಿಯದೆ ಕಾಂಟ್ಯಾಕ್ಟು ಮುಟ್ಟುವುದಿಲ್ಲ. ಒಳಗೆ ನುಸಿಗುಳಿಗೆ ಇಡಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಸಿಲಿಕಾ ಜೆಲ್ ಚೀಲ ಇಡಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ತಾಸು ಚಾಲು ಮಾಡಿ.

ಬೇಸಿಗೆಯ ಕಾಟ ಬೇರೆ ರೀತಿಯದು. ಜರ್ಮೇನಿಯಂ ಟ್ರಾನ್ಸಿಸ್ಟರಿನ ಸೋರಿಕೆ ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಏಪ್ರಿಲ್‌ನಲ್ಲಿ ತಗಡಿನ ಪೆಂಡಾಲಿನ ಕೆಳಗೆ ಡಿವೈಡರ್ ಮುಗ್ಗರಿಸಿ, ಕೆಳಗಿನ ಸ್ವರ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಕಾರಣ ಇದೇ. ಮನೆಯಲ್ಲಿ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ದೂರದಿಂದ ಕಾರ್ಡಿಗೆ ಬಿಟ್ಟರೆ ಅದೇ ತಪ್ಪು ಮರುಕಳಿಸುತ್ತದೆ, ಯಾವುದೆಂದು ಹಿಡಿಯಬಹುದು. ಪಕ್ಕದ ಚೆನ್ನಾಗಿರುವ ಕಾರ್ಡಿನ ಅದೇ ಜಾಗದ ವೋಲ್ಟೇಜಿನೊಂದಿಗೆ ಹೋಲಿಸಿ ನೋಡುವುದು ಸರ್ಕ್ಯೂಟಿನ ನಕಾಶೆ ಇಲ್ಲದವರಿಗೆ ನಕಾಶೆ. ಹಲವು ಜರ್ಮೇನಿಯಂ ಸರ್ಕ್ಯೂಟುಗಳಲ್ಲಿ ಚಾಸಿಗೆ ಪ್ಲಸ್ ಕಟ್ಟಿರುತ್ತಾರೆ, ಮೀಟರು ಮೈನಸ್ ತೋರಿಸಿದರೆ ಗಾಬರಿ ಬೇಡ. ಜರ್ಮೇನಿಯಂ ಜಾಗಕ್ಕೆ ಸಿಲಿಕಾನ್ ತುರುಕಿದರೆ ಕೆಲಸ ಮಾಡುವ ಖಾತ್ರಿಯಿಲ್ಲ. ಒಂದಕ್ಕೆ 0.2 ವೋಲ್ಟಿನ ಆಸುಪಾಸಿನಲ್ಲಿ ಬಾಗಿಲು ತೆರೆಯುತ್ತದೆ, ಇನ್ನೊಂದಕ್ಕೆ 0.6 ಬೇಕು.

1970ರ ದಶಕದ ನಡುವಿನಿಂದ ಹನ್ನೆರಡು ಆಸಿಲೇಟರುಗಳ ಬದಲು ಒಂದೇ ಐಸಿ ಬರತೊಡಗಿತು. ಎಂಕೆ 50240 ಎಂಬ ಹದಿನಾರು ಕಾಲಿನ ಐಸಿ ಸುಮಾರು 20 ಲಕ್ಷ ಹರ್ಟ್ಜ್‌ನ ಒಂದೇ 'ಗಡಿಯಾರ'ವನ್ನು, ಅಂದರೆ ಒಂದೇ ಲಯದಲ್ಲಿ ಮಿಡಿಯುವ ಸಂಕೇತವನ್ನು, 239ರಿಂದ 478ರವರೆಗಿನ ಸಂಖ್ಯೆಗಳಿಂದ ಭಾಗಿಸಿ ಎಲ್ಲ ಸ್ವರಗಳನ್ನೂ ಹೊರಡಿಸುತ್ತದೆ. ಗಡಿಯಾರವೊಂದನ್ನು ತಿರುಗಿಸಿದರೆ ಇಡೀ ವಾದ್ಯದ ಪಟ್ಟಿ ಏರುತ್ತದೆ, ಇಳಿಯುತ್ತದೆ. ಹಾಡುಗಾರರ ಜೊತೆ ಕೂರುವವರಿಗೆ ಅನುಕೂಲ. ಆದರೆ ಐಸಿ ಸತ್ತರೆ ಹನ್ನೆರಡೂ ಸ್ವರ ಸಾಯುತ್ತವೆ, ಹಳೆಯ ಸ್ಟಾಕಿನ ಹೆಸರಿನಲ್ಲಿ ನಕಲಿ ಐಸಿಗಳೂ ಬರುತ್ತವೆ. ಮತ್ತೆ, ಆ ಹನ್ನೆರಡು ಸ್ವರಗಳ ನಡುವಿನ ಅಂತರ ಕಲ್ಲಿನಲ್ಲಿ ಕೆತ್ತಿದಂತೆ. ನಮ್ಮ ಕಡೆಯ ಸಂಗೀತಕ್ಕೆ ಹನ್ನೆರಡು ಆಸಿಲೇಟರಿನ ಹಳೆಯದೇ ಮೇಲು ಎನ್ನುವುದು ಇದೇ ಕಾರಣಕ್ಕೆ.

ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟು, 1971ರಲ್ಲಷ್ಟೇ ಬಾಗಿಲು ತುಸು ತೆರೆದಿತು. ಆಗಿನ ಎರಡು ಆಕ್ಷೇಪಗಳು: ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಸಮಪಾಲು ಹಂಚಿದ ಸ್ವರಗಳು ರಾಗದ ಸ್ವರಗಳಲ್ಲ. ಮೊದಲನೆಯದಕ್ಕೆ ಈ ಆರ್ಗನ್ನಿನಲ್ಲೂ ಮದ್ದಿಲ್ಲ. ಎರಡನೆಯದಕ್ಕೆ ಇದೆ. ಪೇಟಿಯಲ್ಲಿ ಶ್ರುತಿ ತಿದ್ದಬೇಕಾದರೆ ಪ್ರತಿ ರೀಡನ್ನೂ ಕೆರೆಯಬೇಕು, ಕೆರೆದದ್ದು ಮರಳಿ ಬಾರದು. ಇಲ್ಲಿ ಹನ್ನೆರಡು ಕಾಯಿಲುಗಳ ಫೆರೈಟ್ ತಿರುಪು ತಿರುಗಿಸಿದರೆ ಎಲ್ಲ ಸಪ್ತಕಗಳೂ ತಿದ್ದಿಕೊಳ್ಳುತ್ತವೆ, ಬೇಡವೆಂದಾಗ ಹಿಂದಕ್ಕೆ ತಿರುಗಿಸಬಹುದು.

ಅರ್ಧ ತಾಸು ಚಾಲು ಮಾಡಿ ಬಿಸಿಯಾಗಲು ಬಿಡಿ, ವೈಬ್ರೆಟೊ ಆಫ್ ಮಾಡಿ. ಪ್ಲಾಸ್ಟಿಕ್ಕಿನ ಟ್ಯೂನಿಂಗ್ ಕಡ್ಡಿಯನ್ನೇ ಬಳಸಿ. ಕಬ್ಬಿಣದ ಸ್ಕ್ರೂಡ್ರೈವರ್ ಒಳಗಿರುವಾಗ ಒಂದು ಶ್ರುತಿ, ಹೊರಗೆ ತೆಗೆದರೆ ಇನ್ನೊಂದು. ತಿರುಪು ಬಿಗಿಯಾಗಿದ್ದರೆ ಬಲ ಹಾಕಬೇಡಿ, ಫೆರೈಟ್ ಚಾಕ್‌ಪೀಸಿನಂತೆ ಮುರಿಯುತ್ತದೆ. ಸಾ ಕರಿ ಒಂದು ಎಂದಿಟ್ಟುಕೊಳ್ಳಿ, 277.18 ಹರ್ಟ್ಜ್. ಟ್ಯೂನರಿನ ಸೊನ್ನೆಯಿಂದ ಶುದ್ಧ ರಿಷಭ 4 ಸೆಂಟ್ ಮೇಲೆ, ಶುದ್ಧ ಗಾಂಧಾರ 14 ಕೆಳಗೆ, ಮಧ್ಯಮ 2 ಕೆಳಗೆ, ಪಂಚಮ 2 ಮೇಲೆ, ಧೈವತ 16 ಕೆಳಗೆ, ನಿಷಾದ 12 ಕೆಳಗೆ. ಕೋಮಲ ರಿಷಭ 12 ಮೇಲೆ, ಕೋಮಲ ಗಾಂಧಾರ 16 ಮೇಲೆ, ಕೋಮಲ ಧೈವತ 14 ಮೇಲೆ, ತೀವ್ರ ಮಧ್ಯಮ 10 ಕೆಳಗೆ. ಕೋಮಲ ನಿಷಾದವನ್ನು 4 ಕೆಳಗಿಟ್ಟರೆ ಮಧ್ಯಮದೊಂದಿಗೆ, 18 ಮೇಲಿಟ್ಟರೆ ಕೋಮಲ ಗಾಂಧಾರದೊಂದಿಗೆ ಕೂಡುತ್ತದೆ. ಮೊದಲು ಸಾ-ಗ ಒಟ್ಟಿಗೆ ಹಿಡಿದು ಕೇಳಿ: ಸಮಪಾಲಿನಲ್ಲಿ ಸೆಕೆಂಡಿಗೆ 11ರಷ್ಟು ಅಲೆ ನಡುಗುತ್ತಿದ್ದದ್ದು ತಿದ್ದಿದ ಮೇಲೆ ನಿಂತುಹೋಗುತ್ತದೆ. ಧೈವತದಲ್ಲೊಂದು ತೊಡಕಿದೆ. 16 ಕೆಳಗಿಟ್ಟ ಧೈವತ ಗಾಂಧಾರದೊಂದಿಗೆ ಸಂವಾದಿ, ರಿಷಭದೊಂದಿಗೆ ಕರ್ಕಶ. ಭೂಪ್ ರಾಗಕ್ಕೆ ಅದೇ ಸರಿ. ರಿ-ಧ ಕೂಡಲೇಬೇಕಾದಲ್ಲಿ 6 ಮೇಲಿಡಿ.

ಹೀಗೆ ಕಟ್ಟಿದ ಶ್ರುತಿ ಒಂದೇ ಸಾ-ಗೆ ಮೀಸಲು. ಮುಂದೆ ಹಾಡುವವರು ಕರಿ ನಾಲ್ಕು ಎಂದರೆ ಕೇಳಲಾಗದು. ಹಾಗಾಗಿ ಇದು ಮನೆಯ ರಿಯಾಜಿಗೆ. ರಸಮಂಜರಿಗೆ ಒಯ್ಯುವ ವಾದ್ಯ ಸಮಪಾಲಿನಲ್ಲೇ ಇರಲಿ.

ಪಟ್ಟಿಯ ಮಾತಿಗೆ ಬಂದರೆ, ವಾಕ್ಸ್ ಕಾಂಟಿನೆಂಟಲಿನಲ್ಲಿ ಬಣ್ಣವೇ ಅದಲುಬದಲು. ಬಿಳಿ ಇರಬೇಕಾದಲ್ಲಿ ಕಪ್ಪು, ಕಪ್ಪು ಇರಬೇಕಾದಲ್ಲಿ ಬಿಳಿ. ಫಾರ್ಫಿಸಾದಲ್ಲಿ ಎಡಗಡೆಯ ಮಂದ್ರ ಸಪ್ತಕ ಮಾತ್ರ ಹಾಗೆ. 'ಕರಿ ಒಂದ್ ಹಿಡೀರಿ' ಎಂದಾಗ ಬಣ್ಣ ನೋಡದೆ ಎತ್ತರದ ಸಾಲು ನೋಡಿ ಕೈಯಿಡುವುದು ಮೊದಲ ವಾರದ ಅಭ್ಯಾಸ. ಕೀಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿ ಒಂದೇ. ಪೇಟಿಯಲ್ಲಿ ಎಡಗೈ ಭಾತೆಯಿಂದ ಮಾಡುವ ಏರಿಳಿತವನ್ನು ಇಲ್ಲಿ ಬಲಗಾಲು ಪೆಡಲಿನಿಂದ ಮಾಡಬೇಕು. ಕಂಪನಿ ನಾಟಕದಲ್ಲಿ ಕಾಲಿನಿಂದ ತುಳಿಯುವ ಪೇಟಿ ನುಡಿಸಿದವರಿಗೆ ಇದು ಬೇಗ ಒಗ್ಗುತ್ತದೆ. ಹಾಡಿನ ಜೊತೆಗೆ ಎಂಟು ಅಡಿಯ ಕೊಳಲು ಸ್ಟಾಪು, ಮೇಲೆ ನಾಲ್ಕು ಅಡಿ ಚಿಟಿಕೆಯಷ್ಟು ಸಾಕು. ಹದಿನಾರು ಅಡಿ ತೆರೆದರೆ ಗಂಡುದನಿಯ ಮೇಲೆ ಮಲಗುತ್ತದೆ. ಆಂಪ್ಲಿಫೈಯರಿನ ಮೈಕು ತೂತಿಗೆ ಚುಚ್ಚದೆ ಆಕ್ಸ್‌ಗೆ ಹಾಕಿ, ಹಾರ್ನ್ ಸ್ಪೀಕರ್ ಬಿಟ್ಟು ಹನ್ನೆರಡು ಇಂಚಿನ ಡಬ್ಬಿಗೆ ಕೊಡಿ. ರೀಡ್ ಸ್ಟಾಪನ್ನು ಹಾರ್ನ್‌ನಲ್ಲಿ ಕೇಳುವ ಶಿಕ್ಷೆ ಯಾರಿಗೂ ಬೇಡ.

ಕಾಯಿಲಿನ ತಿರುಪು ಮುಟ್ಟುವ ಮೊದಲು ಪ್ರತಿಯೊಂದರ ಫೋಟೊ ತೆಗೆದುಕೊಂಡಿರಿ. ಎಷ್ಟು ಸುತ್ತು ತಿರುಗಿಸಿದಿರಿ ಎಂಬುದನ್ನು ಮುಚ್ಚಳದ ಒಳಬದಿಗೆ ಚೀಟಿ ಅಂಟಿಸಿ ಪೆನ್ಸಿಲ್ಲಿನಲ್ಲಿ ಬರೆದಿಡಿ. ಇಂಕ್ ಪೆನ್ನಿನ ಶಾಯಿ ಧಾರವಾಡದ ಮಳೆಗಾಲಕ್ಕೆ ಹರಡಿಕೊಳ್ಳುತ್ತದೆ.