ಅಜ್ಜನ ತಂಬೂರಿ: ರಿಪೇರಿ ಮಾಡಿಸೋದಾ, ಬಿಡೋದಾ?

ಕೊಪ್ಪಳದ ನಮ್ಮ ಮನೆಯ ಅಟ್ಟದಿಂದ ಅಜ್ಜನ ತಂಬೂರಿ ಇಳಿಸಿದೆವು. ಮಹಾರಾಷ್ಟ್ರದ ಮಿರಜದಲ್ಲಿ ಮಾಡಿದ್ದು. ಕೆಳಗಿನ ಬುರುಡೆ ಸೀಳಿದೆ, ತಂತಿ ಬಿಗಿಯುವ ಬಿರಡೆ ಎರಡು ಇಲ್ಲ, ತಂತಿಗಳನ್ನು ಹೊರುವ ಕುದುರೆ ಕಳಚಿ ಬಿದ್ದಿದೆ. ಮೂರು ವಾರ ತಲೆ ಕೆಡಿಸಿಕೊಂಡು ಕಲಿತದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಬಿರಡೆ, ತಂತಿ, ಶ್ರುತಿ ತಿದ್ದುವ ಮಣಿ, ಕುದುರೆ ಇವನ್ನು ಲೆಕ್ಕಕ್ಕೇ ತಗೋಬೇಡಿ. ಹೊಸದು ಹಾಕಿಸಬಹುದು. ಜವಾರಿಯೂ ಅಷ್ಟೇ. ನಮ್ಮ ಕಡೆ ಜವಾರಿ ಅಂದ್ರೆ ನಾಟಿ ಕೋಳಿ, ನಾಟಿ ಸೌತೆಕಾಯಿ. ಇಲ್ಲಿ ಮಾತ್ರ ಕುದುರೆಯ ಮೈ ಉಜ್ಜಿ ತಂತಿ ಝೇಂಕರಿಸುವಂತೆ ಮಾಡುವ ಕೆಲಸ.

ಬುರುಡೆಯ ಸೀಳು ನೋಡಿ ನಾನು ಅತ್ತೇಬಿಟ್ಟಿದ್ದೆ. ಸುಮ್ನೆ. ಮಿರಜದವರು ಪಂಢರಪುರದ ಕಡೆಯಿಂದ ತರಿಸುವ ದಪ್ಪ ಸೋರೆಬುರುಡೆ ಅದು. ತಬಲಿ, ಅಂದರೆ ಮುಂದಿನ ಮರದ ಮುಚ್ಚಳ, ಬಿಚ್ಚಿ ಒಳಗಿನಿಂದ ಬೆಸೆಯುತ್ತಾರೆ. ಸೀಳು ಗುಳುವಿನವರೆಗೆ ಹೋಗಿದ್ದರೆ ಮಾತ್ರ ಯೋಚಿಸಬೇಕು. ದಂಡಿ, ಅಂದರೆ ಉದ್ದನೆಯ ಕತ್ತು, ಬುರುಡೆಗೆ ಸೇರುವ ಜಾಗವೇ ಗುಳು.

ಈಗ ನಾನು ಎಡವಿದ್ದು. ದಂಡಿ ಬಾಗಿದೆಯಾ ಎಂದು ನೋಡಲು ಮೇಲಿನಿಂದ ತಬಲಿಯವರೆಗೆ ದಾರ ಬಿಗಿದು ಹಿಡಿದೆ. ನಡುವೆ ಬೆರಳು ತೂರುವಷ್ಟು ಸಂದು! ದಂಡಿ ಹೋಯ್ತು ಅಂದುಕೊಂಡೆ. ಮೂರು ದಿನ ಹಾಗೇ ನಂಬಿದ್ದೆ. ಆಮೇಲೆ ಹೊಳೆಯಿತು: ತಬಲಿ ಚಪ್ಪಟೆ ಇಲ್ಲ, ಉಬ್ಬಿರುತ್ತೆ. ದಾರದ ತುದಿ ಆ ಉಬ್ಬಿನ ಮೇಲೆ ಕೂತರೆ ದಂಡಿ ನೆಟ್ಟಗಿದ್ದರೂ ಸಂದು ಕಾಣುತ್ತೆ. ಅದಕ್ಕೇ ದಾರವನ್ನು ದಂಡಿಯ ಮೇಲೆ ಮಾತ್ರ ಇಡಿ, ಗುಳುವಿಗೆ ಎರಡು ಬೆರಳು ಮೊದಲೇ ನಿಲ್ಲಿಸಿ. ತಂತಿ ಸಡಿಲಿಸಿ ನೋಡಿ. ಆಗಲೂ ಬಾಗಿದ್ದರೆ ಮರ ಆ ಆಕಾರಕ್ಕೇ ಒಗ್ಗಿಹೋಗಿದೆ. ನಮ್ಮದರಲ್ಲಿ ಪೋಸ್ಟ್‌ಕಾರ್ಡ್ ನುಸುಳುವಷ್ಟು ಬಾಗು ಉಳಿಯಿತು.

ಅಷ್ಟು ಬಾಗಿದ್ದಕ್ಕೆ ಗಾಬರಿ ಬೇಡ. ಸಿತಾರಿನಲ್ಲೋ ವೀಣೆಯಲ್ಲೋ ತಂತಿಯನ್ನು ಮೆಟ್ಟಿಲ, ಅಂದರೆ ದಂಡಿಯ ಮೇಲಿನ ಅಡ್ಡಪಟ್ಟಿಗಳ, ಮೇಲೆ ಒತ್ತಬೇಕು, ಅಲ್ಲಿ ಬಾಗು ಶ್ರುತಿ ಕೆಡಿಸುತ್ತೆ. ತಂಬೂರಿಯಲ್ಲಿ ಮೆಟ್ಟಿಲೇ ಇಲ್ಲ, ತಂತಿಯನ್ನು ಯಾರೂ ಒತ್ತೋದಿಲ್ಲ. ಬಾಗಿದ್ದು ಬೇರೆ, ಅಲುಗೋದು ಬೇರೆ. ತಂಬೂರಿಯನ್ನು ಹಾಸಿಗೆಯ ಮೇಲೆ ಮಲಗಿಸಿ. ಒಬ್ಬರು ದಂಡಿಯ ತುದಿಯನ್ನು ಮೆಲ್ಲಗೆ ಎತ್ತಿ ಇಳಿಸಲಿ, ಇನ್ನೊಬ್ಬರು ಗುಳುವಿನ ಗೆರೆ ನೋಡಲಿ. ಗೆರೆ ಬಾಯಿ ಬಿಟ್ಟು ಮುಚ್ಚಿದರೆ ಅಂಟು ಬಿಟ್ಟಿದೆ. ಆ ಗುಳು ಶ್ರುತಿ ಹಿಡಿಯೋದಿಲ್ಲ, ತಂತಿ ಬಿಗಿದಷ್ಟೂ ಇಳಿಯುತ್ತೆ. ನಮ್ಮದು ಬಾಯಿ ಬಿಟ್ಟಿತು.

ಅದೂ ರಿಪೇರಿ ಆಗುತ್ತೆ, ಒಂದು ಷರತ್ತಿನ ಮೇಲೆ. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಹಳೇ ಸರೇಸು ಅಂಟು ಬಿಸಿ, ತೇವಕ್ಕೆ ಬಿಡುತ್ತೆ. ಬಿಚ್ಚಿ ಮತ್ತೆ ಕೂಡಿಸಬಹುದು. ಯಾರಾದರೂ ಎಪಾಕ್ಸಿ ತುಂಬಿ ಸ್ಕ್ರೂ ಹೊಡೆದಿದ್ದರೆ ಬಿಚ್ಚುವಾಗ ಮರವೇ ಕಿತ್ತು ಬರುತ್ತೆ. ಊರಿನ ಒಂದು ಅಂಗಡಿಯವರು ನನಗೂ ಅದನ್ನೇ ಮಾಡಿಕೊಡ್ತೀನಿ ಅಂದಿದ್ದರು. ಪುಣ್ಯಕ್ಕೆ ಅವತ್ತು ದುಡ್ಡಿರಲಿಲ್ಲ.

ತಬಲಿ ಕುದುರೆಯ ಕೆಳಗೆ ಕುಸಿದಿದೆಯಾ, ಹುಳ ಹೊಡೆದಿದೆಯಾ ಅಂತಲೂ ನೋಡಿ. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಒಂದು ಕಡೆ ಮಾತ್ರ ಸತ್ತ ಸದ್ದು ಬಂದರೆ ಅಲ್ಲಿ ಅನುಮಾನ ಇಟ್ಟುಕೊಳ್ಳಿ. ಅಂಚಿನಲ್ಲಿ ನಿಜವಾದ ದಂತದ ಕೆಲಸ ಇದ್ದರೆ ಮಾರುವ ಯೋಚನೆ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತೆ.

ನಮ್ಮ ಗುಳುವಿನಲ್ಲಿ ಎಪಾಕ್ಸಿ ಇಲ್ಲ, ಸೀಳು ಅಲ್ಲಿಗೆ ಮುಟ್ಟಿಲ್ಲ. ಹುಬ್ಬಳ್ಳಿ ಮೇಲೆ ಮಿರಜಕ್ಕೆ ರೈಲಿನಲ್ಲಿ ಒಯ್ಯುತ್ತೇನೆ. ಎರಡು ಹಳೇ ಕೌದಿ ಸುತ್ತಿದ್ದಾಗಿದೆ.