ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ

ತುಮಕೂರಿನಲ್ಲಿ ಕೂತು ಕಡಲಹಕ್ಕಿ ಫೋಟೊ ಬಗ್ಗೆ ಬರೆಯುತ್ತಿದ್ದೇನೆ, ನಗಬೇಡಿ. ನನ್ನ ಹತ್ತಿರ ಕ್ಯಾಮೆರಾ ಕಲಿಯಲು ಬರುವವರಲ್ಲಿ ಒಂದಿಬ್ಬರು ಪ್ರತಿ ಡಿಸೆಂಬರ್‌ನಲ್ಲೂ ರಾತ್ರಿ ಬಸ್ ಹತ್ತಿ ಮಲ್ಪೆಗೆ ಹೋಗುತ್ತಾರೆ. ಎರಡು ಸಾವಿರ ಫೋಟೊ ಹೊತ್ತು ತರುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಬರೀ ಬಾಲ, ದೂರ ಹೋಗ್ತಿರೋ ಹಕ್ಕಿಯ ಬಾಲ. ಲೆನ್ಸ್ ಸಾಲದು ಸಾರ್, 600 ಎಂಎಂ ಬೇಕಿತ್ತು ಅಂತಾರೆ. ಎಷ್ಟು ಹೊತ್ತಿಗೆ ತೆಗೆದದ್ದು ಅಂತ ಕೇಳುತ್ತೇನೆ. ಸಂಜೆ ಸಾರ್, ಆಗ ಬೆಳಕು ಚೆನ್ನಾಗಿರುತ್ತಲ್ಲ?

ಅಲ್ಲೇ ಕೆಟ್ಟಿದ್ದು.

ಹಕ್ಕಿ ಏಳುವುದು, ಇಳಿಯುವುದು, ಮೀನು ನೋಡುತ್ತಾ ಗಾಳಿಯಲ್ಲಿ ನಿಲ್ಲುವುದು, ಎಲ್ಲವೂ ಗಾಳಿಗೆ ಎದುರಾಗಿ. ಎದುರು ಗಾಳಿಯಲ್ಲಿ ಅದು ಮುಂದೆ ಸಾಗುವ ವೇಗವೂ ಕಡಿಮೆ, ನಮಗೆ ಟೈಮ್ ಸಿಗುತ್ತದೆ. ಅಂದಮೇಲೆ ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಹಕ್ಕಿಯ ಮುಖ ನಿಮ್ಮ ಕಡೆಗೆ, ಮುಖಕ್ಕೆ ಬೀಸುತ್ತಿದ್ದರೆ ನಿಮಗೆ ಬಾಲ. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ನೆಲ ತಣ್ಣಗಿರುತ್ತದೆ, ಸಮುದ್ರ ಅದಕ್ಕಿಂತ ಬೆಚ್ಚಗೆ, ಹಾಗಾಗಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಸೂರ್ಯನೂ ಬೆನ್ನ ಹಿಂದಿನಿಂದಲೇ ಹುಟ್ಟುತ್ತಾನೆ. ಎರಡೂ ಪುಕ್ಕಟೆ! ಮಧ್ಯಾಹ್ನಕ್ಕೆ ನೆಲ ಕಾದು ಗಾಳಿ ತಿರುಗುತ್ತದೆ, ಸೂರ್ಯ ಎದುರಿಗೆ ಬರುತ್ತಾನೆ. ಸಂಜೆ ಸಿಗುವುದು ಕಪ್ಪು ನೆರಳಿನ ಚಿತ್ರ. ಅದೂ ಚೆಂದವೇ, ಆದರೆ ಕಣ್ಣು, ಗರಿ ಕಾಣಬೇಕು ಅಂದರೆ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಸಾಕು. ಆಮೇಲೆ ಮರಳು ಕಾದು ಗಾಳಿ ನಡುಗುತ್ತದೆ, ಎಷ್ಟು ದುಬಾರಿ ಲೆನ್ಸ್ ಇದ್ದರೂ ಚಿತ್ರ ಮೆತ್ತಗೆ.

ಇದನ್ನು ಕಲಿಯೋಕೆ ಕಡಲೇ ಬೇಕು ಅಂತೇನಿಲ್ಲ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಮೀಸೆ ರೀವ ಬರುತ್ತದೆ, ಟರ್ನ್ ಜಾತಿಯ ಪುಟ್ಟ ಬಿಳಿ ಹಕ್ಕಿ. ನೀರಿನ ಮೇಲೆ ತೂಗಾಡಿ ತಟಕ್ಕನೆ ಕೆಳಗೆ ಬೀಳುತ್ತದೆ. ಆ ತಿಂಗಳುಗಳಲ್ಲಿ ನಮ್ಮಲ್ಲಿ ಮೂಡಣ ಗಾಳಿ ಜಾಸ್ತಿ, ಹಾಗಾಗಿ ಬೆಳಿಗ್ಗೆ ಕೆರೆಯ ಪೂರ್ವದ ದಡದಲ್ಲಿ ನಿಂತರೆ ಮಲ್ಪೆಯ ಲೆಕ್ಕವೇ. ರೀವ ಹಿಡಿದವರಿಗೆ ಕಡಲ ಗಲ್ ಹಕ್ಕಿ ಸುಲಭ, ಅದು ನಿಧಾನ. ಇನ್ನೂ ಹೊಸಬರಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಶಿರಾ ಹತ್ತಿರದ ಕಗ್ಗಲಡುವಿಗೆ ಹೋಗಿ. ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತದೆ. ದೊಡ್ಡ ರೆಕ್ಕೆ, ಹೋಗೋ ದಾರಿ ಬರೋ ದಾರಿ ಒಂದೇ. ಮರದ ಬುಡಕ್ಕೆ ಮಾತ್ರ ಹೋಗಬೇಡಿ, ಊರಿನವರು ಬೈತಾರೆ, ಬೈಯಬೇಕು ಕೂಡ.

ಶಟರ್ ವಿಷಯ ಬೇಗ ಮುಗಿಸ್ತೀನಿ. ಕೊಕ್ಕರೆಗೆ 1/1000 ಸೆಕೆಂಡ್, ಗಲ್‌ಗೆ 1/1600, ರೀವಕ್ಕೆ 1/2500ಕ್ಕಿಂತ ಕೆಳಗೆ ಇಳಿಯಬೇಡಿ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ, ಕಾಳು ಕಾಳಾದರೂ ಚೂಪಾದ ಫೋಟೊ ಮೇಲು. ಫೋಕಸ್, ಹಕ್ಕಿಯ ಜೊತೆ ಸಾಗುತ್ತಲೇ ಇರುವ ಕಂಟಿನ್ಯೂಯಸ್‌ನಲ್ಲಿರಲಿ. ಹಕ್ಕಿ ಚಿಕ್ಕದಾಗಿ ಕಾಣುತ್ತಿರುವಾಗಲೇ ಹಿಂಬಾಲಿಸೋಕೆ ಶುರು ಮಾಡಿ, ತಲೆ ಮೇಲೆ ಬಂದಾಗ ಹುಡುಕಿದರೆ ಸಿಗುವುದು ಆಕಾಶ.

ಆದರೆ ಜಾಸ್ತಿ ಜನ ಎಡವುವುದು ಫೋಟೊಗೆ ಎಷ್ಟು ಬೆಳಕು ಬೇಕು ಅನ್ನೋದರಲ್ಲಿ, ಅಂದರೆ ಎಕ್ಸ್‌ಪೋಶರ್‌ನಲ್ಲಿ. ಬಿಳಿ ಹಕ್ಕಿ ಕಪ್ಪು ನೀರಿನ ಮುಂದೆ ಹಾರುತ್ತದೆ, ಕ್ಯಾಮೆರಾ ಕತ್ತಲೆ ಅಂದುಕೊಂಡು ಬೆಳಕು ಏರಿಸುತ್ತದೆ, ರೆಕ್ಕೆ ಸುಣ್ಣ ಬಳಿದ ಗೋಡೆ ಆಗುತ್ತದೆ. ಅದೇ ಹಕ್ಕಿ ಆಕಾಶಕ್ಕೆ ಏರಿದರೆ ಮಸಿ. ಹಕ್ಕಿ ಮೇಲೆ ಬೀಳುವ ಬಿಸಿಲು ಬದಲಾಗಿಲ್ಲ ಅಲ್ವಾ, ಬದಲಾಗಿದ್ದು ಹಿನ್ನೆಲೆ. ಅದಕ್ಕೇ ಮ್ಯಾನ್ಯುಯಲ್, ಬೆಳಕಿನ ಲೆಕ್ಕ ನಾವೇ ಇಡುವುದು. ದಡದಲ್ಲಿ ಕೂತ ಬೆಳ್ಳಕ್ಕಿಯ ಒಂದು ಫೋಟೊ ತೆಗೆದು ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ತೋರಿಸುವ ಗ್ರಾಫ್) ನೋಡಿ, ಬಿಳಿ ಬಲಗಡೆ ಗೋಡೆಗೆ ತಾಗದ ಹಾಗೆ ಇಡಿ, ಐಎಸ್ಒ ಆಟೋದಲ್ಲಿದ್ದರೆ ಅದನ್ನೂ ಬಿಗಿ ಮಾಡಿ. ಮೋಡ ಬರುವವರೆಗೆ ಮುಟ್ಟಬೇಡಿ.

ದೋಣಿಯಲ್ಲಿ ಟ್ರೈಪಾಡ್ ಬೇಡ. ನಾನೇ ಒಮ್ಮೆ ಹೊತ್ತುಕೊಂಡು ಹೋಗಿದ್ದೆ. ಎಂಜಿನ್ನಿನ ನಡುಕವೆಲ್ಲ ಕಾಲಿನಿಂದ ಏರಿ ಲೆನ್ಸ್‌ಗೆ ಬಂತು, ಬೆಳಗಿನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಮೊಣಕಾಲು ಸ್ವಲ್ಪ ಬಗ್ಗಿಸಿ, ಕೈಯಲ್ಲೇ ಹಿಡಿಯಿರಿ, ಅಲೆಯನ್ನು ಕಾಲು ನೋಡಿಕೊಳ್ಳುತ್ತದೆ.

ರೂಮಿಗೆ ಬಂದ ತಕ್ಷಣ ಒದ್ದೆ ಬಟ್ಟೆ ಹಿಂಡಿ ಕ್ಯಾಮೆರಾ, ಲೆನ್ಸ್‌ನ ಮೈ ಒರೆಸಿ, ಆಮೇಲೆ ಒಣ ಬಟ್ಟೆ. ಒಣ ಬಟ್ಟೆಯಲ್ಲೇ ಶುರು ಮಾಡಿದರೆ ಉಪ್ಪಿನ ಜೊತೆ ಅಂಟಿದ ಮರಳು ಗಾಜನ್ನೂ ಗೀರುತ್ತದೆ. ಒಂದು ಸಲ ಸುಸ್ತಾಗಿ ಬೆಳಿಗ್ಗೆ ನೋಡೋಣ ಅಂತ ಮಲಗಿಬಿಟ್ಟೆ. ಆ ಲೆನ್ಸ್‌ನ ಜೂಮ್ ರಿಂಗ್ ಇವತ್ತಿಗೂ ತಿರುಗಿಸಿದರೆ ರಾಗಿ ಬೀಸಿದ ಹಾಗೆ ಕರಕರ ಅನ್ನುತ್ತದೆ.