ಸರ್ವರ್ ಬಂದ್ ಮಾಡಬೇಕೋ ಬ್ಯಾಡೋ? ಬಿಡುಗಡೆ ಪ್ರಕಟಣೆ ಬರೆಯುವವರಿಗೆ ಟಿಪ್ಪಣಿ

ಅಭ್ಯಾಸಕ್ಕೆಂದು, ಡೇಟಾಬೇಸ್ ಸಾಫ್ಟ್‌ವೇರ್ ಆದ ಪೋಸ್ಟ್‌ಗ್ರೆಸ್ 14.4ರ ಬಿಡುಗಡೆ ಪ್ರಕಟಣೆಯನ್ನು ಕನ್ನಡದಲ್ಲಿ ಬರೆದಿದ್ದೆ. ಮೊದಲ ಸಾಲು ಹೀಗಿತ್ತು: "ಹಲವು ಸುಧಾರಣೆಗಳಿರುವ ಹೊಸ ಆವೃತ್ತಿಯನ್ನು ಹರ್ಷದಿಂದ ಪ್ರಕಟಿಸುತ್ತಿದ್ದೇವೆ." ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ, ದಾಲ್ ಮಿಲ್ಲೊಂದರ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವ ಗೆಳೆಯನಿಗೆ ತೋರಿಸಿದೆ.

"ನಿನ್ನ ಹರ್ಷ ಇರ್ಲಿ ಬಿಡಪ್ಪ. ಇವತ್ತ ರಾತ್ರಿ ಸರ್ವರ್ ಬಂದ್ ಮಾಡಬೇಕೋ ಬ್ಯಾಡೋ, ಅದು ಹೇಳು ಮೊದಲ" ಅಂದ.

ಸರಿ, ಅಲ್ಲಿಂದಲೇ ಶುರು ಮಾಡೋಣ. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ಮೊದಲ ಅಂಕಿ ದೊಡ್ಡ ಬಿಡುಗಡೆ, ಚುಕ್ಕೆಯ ನಂತರದ್ದು ಸಣ್ಣದು. (ಅದಕ್ಕೂ ಮುಂಚೆ 9.5ರಿಂದ 9.6 ಅಂದರೂ ದೊಡ್ಡ ಜಿಗಿತವೇ. ಹಳಬರು ಈಗಲೂ ಗೊಂದಲ ಮಾಡಿಕೊಳ್ಳುತ್ತಾರೆ.) 14.3ರಿಂದ 14.4ಕ್ಕೆ ಹೋಗಲು ಡಂಪ್ (ಇಡೀ ಡೇಟಾದ ನಕಲು) ತೆಗೆಯುವುದು ಬೇಡ. ಸರ್ವರ್ ನಿಲ್ಲಿಸಿ, ಹೊಸ ಪ್ರೋಗ್ರಾಂ ಹಾಕಿ, ಮತ್ತೆ ಶುರು ಮಾಡಿದರಾಯಿತು. ಇದು ಎರಡನೇ ಸಾಲಿನಲ್ಲೇ ಇರಲಿ.

ಆದರೆ 14.4 ಮಾಮೂಲಿ ಸಣ್ಣ ಬಿಡುಗಡೆ ಅಲ್ಲ. ಆಗಸ್ಟ್ ಸರದಿಗೆ ಕಾಯದೆ 2022ರ ಜೂನ್ 16ಕ್ಕೇ ಬಂತು. ಕಾರಣ, 14ರಲ್ಲಿ ಕನ್‌ಕರೆಂಟ್ಲಿ ಆಯ್ಕೆ (ಟೇಬಲ್‌ಗೆ ಬರೆಯುವುದನ್ನು ತಡೆಯದೆ ಕಟ್ಟುವುದು) ಕೊಟ್ಟು ಕಟ್ಟಿದ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಇರುವ ಸೂಚಿ, ಸದ್ದಿಲ್ಲದೆ ಕೆಡಬಹುದಿತ್ತು. ತೊಗರಿ ಚೀಲದ ಬಿಲ್ ಟೇಬಲ್‌ನಲ್ಲೇ ಇರುತ್ತದೆ, ನಂಬರ್ ಹಾಕಿ ಹುಡುಕಿದರೆ ಸಿಗುವುದಿಲ್ಲ. ಎರರ್ ಕೂಡ ಬರುವುದಿಲ್ಲ! ಇಂಥದ್ದನ್ನು "ಇಂಡೆಕ್ಸ್ ದೋಷ ಸರಿಪಡಿಸಲಾಗಿದೆ" ಅಂತ ಬರೆದರೆ ಓದುವವರು ಹೊಸದನ್ನು ಹಾಕಿ ನಿಶ್ಚಿಂತೆಯಿಂದ ಮಲಗುತ್ತಾರೆ. ಆಗಲೇ ಕೆಟ್ಟ ಇಂಡೆಕ್ಸ್ ಮಾತ್ರ ಹಾಗೇ ಉಳಿದಿರುತ್ತದೆ. "ಸರಿಪಡಿಸಲಾಗಿದೆ" ಅನ್ನುವ ಪದದ ಮೇಲೆ ನನಗೆ ಅನುಮಾನ ಶುರುವಾಗಿದ್ದೇ ಇಲ್ಲಿ.

ಒಂದೇ ಪದ ಬಿಟ್ಟರೂ ಅರ್ಥ ಕೆಡುತ್ತದೆ. 15ನೇ ಆವೃತ್ತಿಯಲ್ಲಿ ಪಬ್ಲಿಕ್ ಸ್ಕೀಮಾದಲ್ಲಿ (ಪ್ರತಿ ಡೇಟಾಬೇಸ್‌ನಲ್ಲೂ ಮೊದಲೇ ಇರುವ, ಟೇಬಲ್‌ಗಳನ್ನು ಇಡುವ ವಿಭಾಗ) ಎಲ್ಲರೂ ಟೇಬಲ್ ಮಾಡುವ ಅನುಮತಿ ಹೋಯಿತು, ಆದರೆ ಹೊಸದಾಗಿ ಮಾಡಿದ ಡೇಟಾಬೇಸ್‌ಗಳಲ್ಲಿ ಮಾತ್ರ. ಆ "ಹೊಸದಾಗಿ" ಬಿಟ್ಟುಹೋದರೆ ಹಳೇ ಡೇಟಾಬೇಸ್ ಇರುವವರು ಸುಮ್ನೆ ಗಾಬರಿಯಾಗುತ್ತಾರೆ, ಅಲ್ವಾ?

ತಿದ್ದಿದ ಸಾಲು: "ನೀವು 14.0ರಿಂದ 14.3ರವರೆಗಿನ ಆವೃತ್ತಿಯಲ್ಲಿ ಕನ್‌ಕರೆಂಟ್ಲಿ ಆಯ್ಕೆ ಬಳಸಿ ಇಂಡೆಕ್ಸ್ ಕಟ್ಟಿದ್ದರೆ, 14.4 ಹಾಕಿದ ಮೇಲೆ ಅವನ್ನು ರೀಇಂಡೆಕ್ಸ್ ಮಾಡಿ (ಹೊಸದಾಗಿ ಕಟ್ಟಿ)."

ಗೆಳೆಯ ಓದಿ ನಕ್ಕ. "ಯಾವ ಇಂಡೆಕ್ಸ್ ಹ್ಯಾಂಗ ಕಟ್ಟೀನಿ ಅಂತ ಯಾರಿಗಿ ನೆನಪದ?"

ಡೇಟಾಬೇಸ್ ಕೂಡ ಅದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ನೆನಪಿಲ್ಲದಿದ್ದರೆ ಎಲ್ಲವನ್ನೂ ರೀಇಂಡೆಕ್ಸ್ ಮಾಡಿ."